ವಲಸೆ, ಕೌಟುಂಬಿಕ ಹಿಂಸೆ ಮತ್ತು ಪೊಲೀಸ್ ವ್ಯವಸ್ಥೆ: ಬ್ರಿಟನ್ನಿನ ಅನುಭವದ ಒಂದು ಅವಲೋಕನ

ಕುಟುಂಬದೊಳಗಿನ ಹಿಂಸೆಯನ್ನು ದಾಂಪತ್ಯದ ಖಾಸಗಿ ವಿಷಯವೆಂದು ಬದಿಗಿರಿಸುವ ಮನೋಧರ್ಮವನ್ನು ಸ್ತ್ರೀವಾದಿ ಚಿಂತನೆ ಬಹುಕಾಲದಿಂದ ಪ್ರಶ್ನಿಸುತ್ತ ಬಂದಿದೆ. ಮನೆಯೊಳಗಿನ ಹೊಡೆತವೂ ಅಪರಾಧವೇ, ಅದನ್ನು ತಡೆಯುವುದು ಪ್ರಭುತ್ವದ ಹೊಣೆ ಎಂಬ ತತ್ತ್ವವನ್ನು ಹಲವು ದೇಶಗಳ ಕಾನೂನುಗಳು ಇಂದು ಒಪ್ಪಿಕೊಂಡಿವೆ. ಆದರೆ ಪತಿಯ ವೀಸಾವನ್ನು ಅವಲಂಬಿಸಿ ಪರದೇಶದಲ್ಲಿ ನೆಲೆಸಿದ ಮಹಿಳೆಯ ವಿಷಯದಲ್ಲಿ ಈ ತತ್ತ್ವ ಒಂದು ವೈರುಧ್ಯಕ್ಕೆ ಸಿಲುಕುತ್ತದೆ. ಆಕೆಗೆ ರಕ್ಷಣೆ ನೀಡಬೇಕಾದ ಪ್ರಭುತ್ವಕ್ಕೇ ಆಕೆಯನ್ನು ದೇಶದಿಂದ ಹೊರಹಾಕುವ ಅಧಿಕಾರವೂ ಇರುತ್ತದೆ. ಪೊಲೀಸ್ ಠಾಣೆಯಲ್ಲಿ ಈ ಎರಡು ಮುಖಗಳೂ ಒಟ್ಟಿಗೆ ಎದುರಾಗುತ್ತವೆ. ಈ ವೈರುಧ್ಯದ ಸ್ವರೂಪವನ್ನು ಅರಿಯಲು ಬ್ರಿಟನ್ನಿನ ಅನುಭವ ಸಹಾಯಕವಾಗಿದೆ.

ವಿವಾಹದ ಮೂಲಕ ಬ್ರಿಟನ್ನಿಗೆ ಬರುವ ಸಂಗಾತಿಗೆ ಕಾಯಂ ವಾಸದ ಹಕ್ಕು ಕೂಡಲೇ ದೊರೆಯುವುದಿಲ್ಲ. ಅದಕ್ಕಾಗಿ ಕಾಯಬೇಕಾದ ಅವಧಿ ಮೊದಲು ಒಂದು ವರ್ಷವಿತ್ತು. 2003ರಲ್ಲಿ ಅದು ಎರಡು ವರ್ಷವಾಯಿತು, 2012ರಲ್ಲಿ ಐದು ವರ್ಷಕ್ಕೆ ಏರಿತು. ಈ ನಡುವೆ ದಾಂಪತ್ಯ ಮುರಿದರೆ ವಾಸದ ಆಧಾರವೇ ಕುಸಿಯುತ್ತದೆ. ಸಾರ್ವಜನಿಕ ನಿಧಿಯಿಂದ ನೆರವು ಪಡೆಯುವಂತಿಲ್ಲ ಎಂಬ ನಿಬಂಧನೆಯೂ ವೀಸಾದೊಂದಿಗೆ ಇರುತ್ತದೆ. ಆಶ್ರಯಧಾಮಗಳ ಖರ್ಚು ಬಹುಮಟ್ಟಿಗೆ ಸರ್ಕಾರದ ವಸತಿ ಭತ್ಯೆಯಿಂದಲೇ ನಡೆಯುವುದರಿಂದ, ಆ ಭತ್ಯೆಗೆ ಅರ್ಹಳಲ್ಲದ ಮಹಿಳೆಗೆ ಅಲ್ಲಿ ಸ್ಥಳ ದೊರೆಯುವುದು ಕಷ್ಟ. ಪೊಲೀಸರು ಆಕೆಯನ್ನು ಮನೆಯಿಂದ ಪಾರುಮಾಡಿದರೂ ಮುಂದೆ ಎಲ್ಲಿಗೆ ಕಳುಹಿಸಬೇಕೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

1979ರಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಆರಂಭವಾದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆ ಈ ನಿಯಮಗಳ ವಿರುದ್ಧ ದೀರ್ಘಕಾಲ ಹೋರಾಡಿತು. ಇಂಥ ಹೋರಾಟಗಳ ಫಲವಾಗಿ, ಹಿಂಸೆಯಿಂದ ದಾಂಪತ್ಯ ಮುರಿದ ಸಂಗಾತಿಗೆ ಕಾಯಂ ವಾಸ ಕೋರುವ ಅವಕಾಶ 1999ರಲ್ಲಿ ರಿಯಾಯಿತಿಯ ರೂಪದಲ್ಲಿ ದೊರೆತು, 2002ರಲ್ಲಿ ವಲಸೆ ನಿಯಮಗಳಲ್ಲಿ ಸೇರಿತು. 2012ರಿಂದ ಇಂಥವರಿಗೆ ಮೂರು ತಿಂಗಳ ಮಟ್ಟಿಗೆ ಸಾರ್ವಜನಿಕ ನೆರವನ್ನೂ ಒದಗಿಸಲಾಯಿತು. ಆದರೆ ತಾತ್ಕಾಲಿಕ ಉದ್ಯೋಗ ವೀಸಾ ಹಾಗೂ ವಿದ್ಯಾರ್ಥಿ ವೀಸಾ ಪಡೆದವರ ಪತ್ನಿಯರು ಇದರಿಂದ ಹೊರಗುಳಿದರು. 2024ರಲ್ಲಿ ಮೂರು ತಿಂಗಳ ಸೌಲಭ್ಯ ಅವರಿಗೂ ವಿಸ್ತರಿಸಿತಾದರೂ ಕಾಯಂ ವಾಸದ ಹಾದಿ ತೆರೆಯಲಿಲ್ಲ. ಕರ್ನಾಟಕದಿಂದ ಮಾಹಿತಿ ತಂತ್ರಜ್ಞಾನದ ಕೆಲಸಕ್ಕಾಗಿ ಅಲ್ಲಿಗೆ ತೆರಳುವವರ ಪತ್ನಿಯರು ಸಾಮಾನ್ಯವಾಗಿ ಸೇರುವುದು ಈ ವರ್ಗಕ್ಕೇ ಎಂಬುದು ಗಮನಾರ್ಹ.

ಇಂಥ ಸನ್ನಿವೇಶದಲ್ಲಿ ವೀಸಾವೇ ಹಿಂಸೆಯ ಸಾಧನವಾಗುತ್ತದೆ. ಪಾಸ್‌ಪೋರ್ಟ್ ಬಚ್ಚಿಡುವುದು, ನವೀಕರಣದ ಅರ್ಜಿ ಸಲ್ಲಿಸದಿರುವುದು, ‘ದೂರು ಕೊಟ್ಟರೆ ನಿನ್ನನ್ನೇ ಊರಿಗೆ ಕಳುಹಿಸುತ್ತಾರೆ’ ಎಂದು ಬೆದರಿಸುವುದು ಇದರ ಪರಿಚಿತ ರೂಪಗಳು. 2015ರ ಗಂಭೀರ ಅಪರಾಧ ಕಾಯ್ದೆ ಸಂಗಾತಿಯನ್ನು ದಬ್ಬಾಳಿಕೆಯಿಂದ ನಿಯಂತ್ರಿಸುವುದನ್ನು ಐದು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧವೆಂದು ಪರಿಗಣಿಸಿತು. ಆದರೆ ಈ ಅಪರಾಧ ಮೈಮೇಲಿನ ಗಾಯದಂತೆ ಕಣ್ಣಿಗೆ ಬೀಳುವುದಿಲ್ಲ; ಅದು ಬೆಳಕಿಗೆ ಬರಬೇಕಾದರೆ ಮಹಿಳೆ ಮಾತನಾಡಬೇಕು. ಕನ್ನಡವನ್ನಷ್ಟೇ ಬಲ್ಲವಳ ಮಾತನ್ನು ಪತಿಯೋ ಅವನ ಬಂಧುವೋ ಇಂಗ್ಲಿಷಿಗೆ ಅನುವಾದಿಸಿ ಹೇಳಿದಾಗ, ಆಕೆಯ ಹೇಳಿಕೆ ಆರೋಪಿಯ ಹೇಳಿಕೆಯಾಗಿ ಮಾರ್ಪಡುವ ಅಪಾಯವಿದೆ. ಸ್ವತಂತ್ರ ದುಭಾಷಿಯ ನೆರವು ಇಲ್ಲಿ ತನಿಖೆಯ ಮೊದಲ ಷರತ್ತೇ ಆಗಿದೆ.

ಪತಿಯ ಬೆದರಿಕೆ ಕೇವಲ ಸುಳ್ಳಾಗಿರಲಿಲ್ಲ ಎಂಬುದು ಸಮಸ್ಯೆಯ ತಿರುಳು. ಸಂತ್ರಸ್ತೆಯರ ವಲಸೆ ವಿವರಗಳನ್ನು ಪೊಲೀಸರು ಗೃಹ ಇಲಾಖೆಗೆ ರವಾನಿಸುತ್ತಿದ್ದಾರೆಂದು 2018ರ ಡಿಸೆಂಬರಿನಲ್ಲಿ ಲಿಬರ್ಟಿ ಹಾಗೂ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆಗಳು ಜಂಟಿಯಾಗಿ ದೂರಿದವು. ಪೊಲೀಸ್ ವ್ಯವಸ್ಥೆಯ ಮೇಲ್ವಿಚಾರಣಾ ಸಂಸ್ಥೆಗಳು ಇದನ್ನು ಪರಿಶೀಲಿಸಿ 2020ರ ಡಿಸೆಂಬರಿನಲ್ಲಿ ವರದಿ ನೀಡಿದವು. ಬೇರೆ ಬೇರೆ ಪೊಲೀಸ್ ದಳಗಳ ನಡಾವಳಿಯಲ್ಲಿ ಏಕರೂಪತೆಯಿಲ್ಲ, ಮಾಹಿತಿ ಹಂಚಿಕೆಯ ಭಯದಿಂದ ಸಂತ್ರಸ್ತರು ದೂರು ನೀಡಲು ಹಿಂಜರಿಯುತ್ತಾರೆ ಎಂಬ ಅಂಶಗಳನ್ನು ಅದು ಎತ್ತಿ ತೋರಿಸಿತು. ವಲಸೆ ಸ್ಥಿತಿಯ ಬಗೆಗಿನ ಸಂಶಯವೊಂದನ್ನೇ ಕಾರಣವಾಗಿಸಿ ಸಂತ್ರಸ್ತೆಯ ಮಾಹಿತಿಯನ್ನು ಹಂಚುವುದನ್ನು ತಕ್ಷಣ ನಿಲ್ಲಿಸಬೇಕೆಂದೂ ಸೂಚಿಸಿತು. ಆದರೆ ಮಾಹಿತಿ ಹಂಚಿಕೆಗೆ ಸಂಪೂರ್ಣ ತಡೆಗೋಡೆ ನಿರ್ಮಿಸಲು ಸರ್ಕಾರ 2021ರಲ್ಲಿ ಒಪ್ಪಲಿಲ್ಲ. 2022ರಲ್ಲಿ ಇಸ್ತಾಂಬುಲ್ ಒಡಂಬಡಿಕೆಯನ್ನು ಅನುಮೋದಿಸುವಾಗಲೂ ಸಂತ್ರಸ್ತೆಯ ವಾಸದ ಹಕ್ಕಿಗೆ ಸಂಬಂಧಿಸಿದ 59ನೆಯ ವಿಧಿಗೆ ಬದ್ಧವಾಗದಿರುವ ಅವಕಾಶವನ್ನು ಅದು ಕಾಯ್ದಿರಿಸಿಕೊಂಡಿತು.

ಮಾಹಿತಿ ಹಂಚಿಕೆಯಿಂದ ಸಂತ್ರಸ್ತೆಯ ವಲಸೆ ಸಮಸ್ಯೆಯನ್ನು ಬಗೆಹರಿಸಲು ಅನುಕೂಲವಾಗುತ್ತದೆ ಎಂಬುದು ಸರ್ಕಾರದ ವಾದ. ಅದು ಆಕೆಯ ಒಪ್ಪಿಗೆಯ ಮೇಲೆ ನಡೆದರೆ ನೆರವು, ಒಪ್ಪಿಗೆಯಿಲ್ಲದೆ ನಡೆದರೆ ಕಣ್ಗಾವಲು. ದೂರು ನೀಡುವವರಿಲ್ಲದಿದ್ದರೆ ಅಪರಾಧಿ ಶಿಕ್ಷೆಯಿಂದ ಪಾರಾಗುತ್ತಾನೆ. ನಷ್ಟ ಒಬ್ಬಳದಾಗಿ ಉಳಿಯದೆ ಇಡೀ ಸಮಾಜದ್ದಾಗುತ್ತದೆ. ಅಮೆರಿಕ ಈ ತರ್ಕವನ್ನು ಭಾಗಶಃ ಒಪ್ಪಿ, ತನಿಖೆಗೆ ಸಹಕರಿಸುವ ಸಂತ್ರಸ್ತರಿಗಾಗಿ 2000ದಲ್ಲಿ ‘ಯು’ ವೀಸಾವನ್ನು ರೂಪಿಸಿತು. ಆದರೆ ಪೊಲೀಸರಂಥ ಅಧಿಕೃತ ಸಂಸ್ಥೆಯ ಪ್ರಮಾಣಪತ್ರ ಅದಕ್ಕೆ ಅಗತ್ಯ. ವರ್ಷಕ್ಕೆ ಪ್ರಧಾನ ಅರ್ಜಿದಾರರಿಗೆ ದೊರೆಯುವುದು 10,000 ವೀಸಾ ಮಾತ್ರ.

ಸಂತ್ರಸ್ತೆಯನ್ನು ತವರಿಗೆ ಕರೆತಂದು ಬಿಟ್ಟು ಪತಿ ಮರಳಿಹೋಗುವ ಪ್ರಸಂಗಗಳಲ್ಲಿ ಪ್ರಶ್ನೆ ಕರ್ನಾಟಕದ ಠಾಣೆಗೂ ಬಂದು ನಿಲ್ಲುತ್ತದೆ. ಹಿಂಸೆಯಿಂದಾಗಿ ಗಂಡನ ಮನೆ ತೊರೆದವಳು ತಾನು ಆಶ್ರಯ ಪಡೆದ ಊರಿನಲ್ಲೂ ಕ್ರೌರ್ಯದ ಪ್ರಕರಣ ಹೂಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯಡಿ, ಆಕೆ ತಾತ್ಕಾಲಿಕವಾಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲೂ ಪರಿಹಾರ ಕೋರಬಹುದು. ಹೀಗಿರುವಾಗ ‘ಘಟನೆ ನಡೆದದ್ದು ಪರದೇಶದಲ್ಲಿ’ ಎಂದಷ್ಟೇ ಹೇಳಿ ದೂರನ್ನು ಹಿಂದಿರುಗಿಸುವುದು ಕಾನೂನಿನ ಆಶಯಕ್ಕೆ ಹೊಂದುವುದಿಲ್ಲ.

ಒಟ್ಟಿನಲ್ಲಿ, ಪೊಲೀಸರ ಸಂವೇದನಾಶೀಲತೆಯ ಪ್ರಶ್ನೆಯನ್ನು ಕೇವಲ ವ್ಯಕ್ತಿಗತ ಸೌಜನ್ಯದ ಪ್ರಶ್ನೆಯಾಗಿ ನೋಡಲಾಗದು. ಠಾಣೆಗೆ ಬಂದವಳನ್ನು ಮೊದಲು ಸಂತ್ರಸ್ತೆಯೆಂದು ಕಾಣಬೇಕೆ, ವಲಸಿಗಳೆಂದು ಕಾಣಬೇಕೆ ಎಂಬುದನ್ನು ಪ್ರಭುತ್ವವೇ ನಿರ್ಧರಿಸಬೇಕಾಗಿದೆ. ಅಲ್ಲಿಯವರೆಗೆ ವೀಸಾ ಪತಿಯ ಕೈಯಲ್ಲಿನ ಆಯುಧವಾಗಿಯೇ ಉಳಿಯುತ್ತದೆ.