ಯಂತ್ರ ಬದಲಾದರೆ ರಾಗದ ಗತಿ ಏನು?

ಮುಂಡಗೋಡದ ಸುತ್ತಮುತ್ತ ಕಿವಿಗೊಟ್ಟು ಓಡಾಡಿದರೆ ಮೂರು ಬಗೆಯ ನಾದ ಕೇಳುತ್ತದೆ. ಟಿಬೆಟನ್ ಕಾಲೊನಿಯ ಮಠಗಳ ಉದ್ದ ಕಹಳೆ, ಸಿದ್ದಿಗಳ ಊರುಗಳಲ್ಲಿ ಡಮಾಮಿಯ ಪೆಟ್ಟು, ಗುಡಿಗಳ ಭಜನೆಯಲ್ಲಿ ಹಾರ್ಮೋನಿಯಂ. ಈ ಮೂರರಲ್ಲಿ ಕಂಪ್ಯೂಟರಿಗೆ ಸಲೀಸಾಗಿ ಒಗ್ಗುವುದು ಹಾರ್ಮೋನಿಯಂ. ಅದರ ಮನೆಗಳನ್ನು ಎಣಿಸಬಹುದು. ಎಣಿಸಲು ಬಂದದ್ದಕ್ಕೆ ಅಂಕಿ ಕೊಡಬಹುದು.

ಆ ಅಂಕಿಗಳ ಭಾಷೆಯೇ ‘ಮಿಡಿ’. 1983ರಲ್ಲಿ ಬೇರೆ ಬೇರೆ ಕಂಪೆನಿಗಳ ವಿದ್ಯುನ್ಮಾನ ವಾದ್ಯಗಳು ಒಂದರೊಡನೊಂದು ಮಾತಾಡಲೆಂದು ಇದು ಬಳಕೆಗೆ ಬಂತು. ಮಿಡಿಯಲ್ಲಿ ಧ್ವನಿ ಇರುವುದಿಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಎಂಬ ಸೂಚನೆ ಮಾತ್ರ. ಕ್ಯಾಸೆಟ್ಟಿಗಿಂತ ಸ್ವರಲಿಪಿಯ ಪುಸ್ತಕಕ್ಕೆ ಹತ್ತಿರ ಎನ್ನಿ. ಅದರ ಸ್ವರಗಳು 0ಯಿಂದ 127. ನಡುವಿನ ಸಪ್ತಕದ ಮೊದಲ ಬಿಳಿ ಮನೆ 60.

ಇನ್ನು ಲಿಸ್ಪ್. 1958ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜಾನ್ ಮೆಕಾರ್ಥಿ ರೂಪಿಸಿದ ಈ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವೂ ಪಟ್ಟಿಯೇ. ಭೂಪ ರಾಗದ ಆರೋಹಣವನ್ನು 60, 62, 64, 67, 69, 72 ಎಂದು ಬರೆದಿಟ್ಟರೆ, ಪಟ್ಟಿಯನ್ನು ತಿರುಗಿಸುವ ಒಂದೇ ಆದೇಶದಿಂದ ಅವರೋಹಣ ಸಿದ್ಧ. ಷಡ್ಜವನ್ನು ಕಪ್ಪು ಎರಡಕ್ಕೆ ಏರಿಸಬೇಕೆ? ಪ್ರತಿ ಅಂಕಿಗೂ 3 ಕೂಡಿಸಿದರಾಯಿತು. ಹಾರ್ಮೋನಿಯಂ ಮೇಷ್ಟ್ರು ಮನಸ್ಸಿನಲ್ಲೇ ಮಾಡುವ ಲೆಕ್ಕವಿದು. ಸಂಗೀತಗಾರರು ಈ ಭಾಷೆಗೆ ಮನಸೋತದ್ದು ಸುಮ್ಮನೆ ಅಲ್ಲ.

1989ರಲ್ಲಿ ಹೈನ್‌ರಿಷ್ ಟೌಬೆ ಎಂಬ ಸಂಗೀತ ಸಂಯೋಜಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಕಾಮನ್ ಮ್ಯೂಸಿಕ್’ ಎಂಬ ಲಿಸ್ಪ್ ತಂತ್ರಾಂಶವನ್ನು ಆರಂಭಿಸಿದರು. ನೆಕ್ಸ್ಟ್, ಮ್ಯಾಕಿಂಟಾಷ್ ಮೊದಲಾದ ಗಣಕಗಳಲ್ಲಿ ಅದು ಓಡುತ್ತಿತ್ತು. ಆದರೆ 1993ರಲ್ಲಿ ನೆಕ್ಸ್ಟ್ ಕಂಪೆನಿ ಯಂತ್ರ ತಯಾರಿಸುವುದನ್ನೇ ನಿಲ್ಲಿಸಿತು. ಒಂದೇ ಯಂತ್ರವನ್ನು ನಂಬಿ ಬರೆದ ತಂತ್ರಾಂಶದ ಪಾಡು ಊಹಿಸಿಕೊಳ್ಳಿ. ಯಂತ್ರದ ಜೊತೆ ವರ್ಷಗಳ ಕೆಲಸವೂ ಮೂಲೆ ಸೇರುತ್ತದೆ.

ತೊಡಕು ಎಲ್ಲಿದೆ ನೋಡಿ. ರಾಗದ ಪಟ್ಟಿ ತಿರುಗಿಸುವುದು, 3 ಕೂಡಿಸುವುದು ಎಲ್ಲ ಗಣಕದಲ್ಲೂ ಒಂದೇ. ಕಷ್ಟ ಬರುವುದು ಕಟ್ಟಕಡೆಯ ಹೆಜ್ಜೆಯಲ್ಲಿ, ಸ್ವರವನ್ನು ಯಂತ್ರದಿಂದ ಆಚೆ ಕಳಿಸುವಾಗ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಮಿಡಿಯ ಬಾಗಿಲು ಬೇರೆ ಬೇರೆ. ಸಾಲದ್ದಕ್ಕೆ ಲಿಸ್ಪ್ ಕೂಡ ಒಂದಲ್ಲ. ಬೇರೆ ಬೇರೆಯವರು ತಯಾರಿಸಿದ ಹಲವು ಲಿಸ್ಪ್‌ಗಳಿವೆ. ಹೊರಗಿನ ‘ಸಿ’ ಭಾಷೆಯ ಪ್ರೋಗ್ರಾಮನ್ನು ಕರೆಯುವ ರೀತಿ ಒಂದೊಂದರಲ್ಲಿ ಒಂದೊಂದು. ಮೂರು ವ್ಯವಸ್ಥೆ, ನಾಲ್ಕು ಲಿಸ್ಪ್ ಎಂದಿಟ್ಟುಕೊಂಡರೂ ಹನ್ನೆರಡು ಜೋಡಣೆ ಬರೆಯಬೇಕು, ಹನ್ನೆರಡನ್ನೂ ರಿಪೇರಿ ಮಾಡುತ್ತಿರಬೇಕು.

ಇದಕ್ಕೆ ಕಂಡುಕೊಂಡ ಉಪಾಯ ನಡುವೆ ಒಂದು ಪಡಸಾಲೆ ಕಟ್ಟುವುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರೋಜರ್ ಡ್ಯಾನೆನ್‌ಬರ್ಗ್ ಅವರ ‘ಪೋರ್ಟ್‌ಮಿಡಿ’ ಅಂಥದ್ದು. ಒಳಗಿನಿಂದ ನೋಡಿದರೆ ಅದಕ್ಕೆ ಒಂದೇ ಬಾಗಿಲು. ಹೊರಗಡೆ ಮೂರು ವ್ಯವಸ್ಥೆಗಳಿಗೂ ತಕ್ಕ ಬಾಗಿಲನ್ನು ಅದೇ ತೆರೆಯುತ್ತದೆ. ಈಗ ನಾಲ್ಕು ಲಿಸ್ಪ್‌ಗಳಿಗೆ ನಾಲ್ಕು, ಮೂರು ವ್ಯವಸ್ಥೆಗಳಿಗೆ ಮೂರು, ಒಟ್ಟು ಏಳು ಜೋಡಣೆ ಸಾಕು. ಗುಣಿಸಬೇಕಾದಲ್ಲಿ ಕೂಡಿಸಿದರಾಯಿತು! ಹತ್ತನೇ ತರಗತಿಯ ಹುಡುಗಿಗೂ ಅರ್ಥವಾಗುವ ಈ ಲೆಕ್ಕದ ಮೇಲೆ ಎಷ್ಟೋ ದೊಡ್ಡ ತಂತ್ರಾಂಶಗಳು ನಿಂತಿವೆ.

ತಾಳದ್ದು ಬೇರೆಯೇ ಕತೆ. ಲಿಸ್ಪ್ ತಾನು ಬಳಸಿ ಬಿಟ್ಟ ಸ್ಮೃತಿಯ ಜಾಗವನ್ನು ಆಗಾಗ ಗುಡಿಸಿಕೊಳ್ಳುತ್ತದೆ. ಲೆಕ್ಕದ ನಡುವೆ ಕ್ಷಣ ನಿಂತರೆ ಯಾರಿಗೂ ಗೊತ್ತಾಗದು; ಡಮಾಮಿಯ ಎರಡು ಪೆಟ್ಟುಗಳ ನಡುವೆ ನಿಂತರೆ ಕುಣಿಯುವವರ ಹೆಜ್ಜೆಯೇ ತಪ್ಪೀತು. ಆದ್ದರಿಂದ ಪ್ರತಿ ಸ್ವರಕ್ಕೂ ‘ಇಂಥ ಹೊತ್ತಿಗೆ ನುಡಿಸು’ ಎಂಬ ಚೀಟಿ ಅಂಟಿಸಿ ಸ್ವಲ್ಪ ಮುಂಚಿತವಾಗಿ ಕಳಿಸಿಬಿಡುತ್ತಾರೆ. ಕಾಲ ನೋಡಿ ನುಡಿಸುವ ಹೊಣೆ ಲಿಸ್ಪ್‌ನ ಹೊರಗಿನದು.

ನಮ್ಮ ಸಂಗೀತಕ್ಕೆ ಇನ್ನೂ ಒಂದು ತೊಡಕುಂಟು. ಮೀಂಡು, ಗಮಕಗಳು ಮನೆಯಿಂದ ಮನೆಗೆ ಜಿಗಿಯುವುದಿಲ್ಲ, ಜಾರುತ್ತವೆ. ಮಿಡಿಯಲ್ಲಿ ಸ್ವರ ಬಾಗಿಸಲು 16,384 ಮೆಟ್ಟಿಲುಗಳೇನೋ ಇವೆ. ಆದರೆ ಅಷ್ಟು ಮೆಟ್ಟಿಲು ಸೇರಿ ಎಷ್ಟು ಸ್ವರಾಂತರ ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆಯಾಗಬಹುದು. ಒಂದರಲ್ಲಿ ಗಾಂಧಾರಕ್ಕೆ ಸರಿಯಾಗಿ ಮುಟ್ಟಿದ ಮೀಂಡು ಇನ್ನೊಂದರಲ್ಲಿ ಅದನ್ನು ದಾಟಿ ಹೋದೀತು. ಮೇಲಾಗಿ ಬಾಗಿಸುವ ಆದೇಶ ಒಂದು ಚಾನೆಲಿನ ಎಲ್ಲ ಸ್ವರಗಳಿಗೂ ತಗಲುತ್ತದೆ. ಸ್ವರಗಳನ್ನು ಒಂದೊಂದಾಗಿ ಬಾಗಿಸುವ ಅನುಕೂಲ 2020ರಲ್ಲಿ ಅಂಗೀಕೃತವಾದ ‘ಮಿಡಿ 2.0’ದಲ್ಲಿದೆ.

ಮಕ್ಕಳಿಗೆ ಯಾವ ಕಂಪ್ಯೂಟರ್ ಕೊಡಿಸಬೇಕೆಂದು ಕೇಳುವ ತಂದೆತಾಯಿಯರು ಬಹಳ. ಈ ಕೆಲಸದ ಮಟ್ಟಿಗೆ ಇದ್ದದ್ದೇ ಸಾಕು. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ಮೂರೂ ವ್ಯವಸ್ಥೆಗಳಲ್ಲಿ ಓಡುತ್ತದೆ. ಅದರೊಳಗೆ ಡ್ಯಾನೆನ್‌ಬರ್ಗ್ ಅವರದೇ ‘ನೈಕ್ವಿಸ್ಟ್’ ಎಂಬ ಸಂಗೀತದ ಭಾಷೆ ಅಡಗಿದೆ. ಅದೂ ಲಿಸ್ಪ್ ಕುಲದ್ದೇ. ಧ್ವನಿಯ ಒಂದು ತುಣುಕನ್ನು ಆಯ್ದುಕೊಂಡು, ‘ನೈಕ್ವಿಸ್ಟ್ ಪ್ರಾಂಪ್ಟ್’ ತೆರೆದು, ಕಂಸದೊಳಗೆ ‘ಆಸ್ಕ್’ ಎಂಬ ಆದೇಶವನ್ನೂ 60 ಎಂಬ ಅಂಕಿಯನ್ನೂ ಇಂಗ್ಲಿಷಿನಲ್ಲಿ ಬರೆದರೆ ಆ ಸ್ವರ ನುಡಿಯುತ್ತದೆ. ಬಳಿಕ 60.5 ಎಂದು ಬರೆದು ನೋಡಿ. ಹಾರ್ಮೋನಿಯಂನ ಯಾವ ಮನೆಯಲ್ಲೂ ಸಿಗದ, ಎರಡು ಮನೆಗಳ ನಡುವಿನ ಸ್ವರ ಕೇಳುತ್ತದೆ.