ಆಟದ ಅಂಕಣ: ಮೊದಲು ನೆರಳು, ನೀರು, ಶೌಚಾಲಯ

ಮಹಾನಗರಗಳಲ್ಲಿ ಈಗ ಪಿಕಲ್‌ಬಾಲ್ ಅಂಕಣಗಳು ಒಂದರ ಹಿಂದೊಂದು ತಲೆಯೆತ್ತುತ್ತಿವೆ. ಹೆಸರಿನಲ್ಲಿ ಉಪ್ಪಿನಕಾಯಿ ಇದ್ದರೂ ಇದು ಚೆಂಡಾಟ. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ, ಮನೆಮಂದಿಯೆಲ್ಲ ಒಟ್ಟಿಗೆ ಆಡಲೆಂದು ಇದನ್ನು ರೂಪಿಸಿದರು. ಗಟ್ಟಿಯಾದ ಚಪ್ಪಟೆ ಬ್ಯಾಟು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು, ನಡುವೆ ಒಂದು ನೆಟ್ ಇದ್ದರೆ ಸಾಕು. ಅಂಕಣ ಚಿಕ್ಕದಾದ್ದರಿಂದ ಹೆಚ್ಚು ಓಡಬೇಕಿಲ್ಲ. ವಯಸ್ಸಾದವರೂ ಬೇಗ ಕಲಿಯುತ್ತಾರೆ.

ಕೃಷ್ಣಾ ತೀರದ ಗೂಗಲ್‌ಗಾಗಲಿ, ದೇವದುರ್ಗ, ಮಾನ್ವಿಗಳಿಗಾಗಲಿ ಇದೇಕೆ ಬೇಕು ಎಂದು ಕೇಳಬಹುದು. ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮದ ಅಗತ್ಯ ಕಡಿಮೆ. ಆದರೆ ದಿನವಿಡೀ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂರುವವರ, ಮನೆಯೊಳಗೇ ಉಳಿಯುವ ಹಿರಿಯರ ಮಾತು ಬೇರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು, 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಮೈದಣಿಸುವ ಅಭ್ಯಾಸ ಈ ಕಾಯಿಲೆಯನ್ನು ದೂರವಿಡಲೂ ಹತೋಟಿಯಲ್ಲಿಡಲೂ ನೆರವಾಗುತ್ತದೆ.

ಹೊಸ ಅಂಕಣವೇ ಬೇಕೆಂದಿಲ್ಲ. ಪಿಕಲ್‌ಬಾಲ್ ಅಂಕಣದ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದ ಅಳತೆಯೂ ಇದೇ. ಶಾಲೆಯಲ್ಲೋ ಸಮುದಾಯ ಭವನದ ಅಂಗಳದಲ್ಲೋ ಗಟ್ಟಿ ನೆಲದ ಬ್ಯಾಡ್ಮಿಂಟನ್ ಅಂಕಣವಿದ್ದರೆ ನೆಟ್ಟನ್ನು ನಡುವೆ 34 ಇಂಚಿಗೆ ಇಳಿಸಿ, ಗೆರೆ ಎಳೆದರೆ ಎರಡೂ ಆಟ ಆಡಬಹುದು. ಹೊಸದಾಗಿ ಕಟ್ಟುವುದಾದರೆ ಸುತ್ತಲ ಜಾಗ ಸೇರಿ 60 ಅಡಿ ಉದ್ದ, 30 ಅಡಿ ಅಗಲವಾದರೂ ಇರಲಿ. ಅಂಕಣದ ಉದ್ದ ಉತ್ತರ-ದಕ್ಷಿಣವಾಗಿದ್ದರೆ ಬೆಳಗಿನ, ಸಂಜೆಯ ಬಿಸಿಲು ಕಣ್ಣಿಗೆ ನೇರ ಹೊಡೆಯದು. ಮಳೆನೀರು ನಿಂತು ಸೊಳ್ಳೆ ಹುಟ್ಟದಂತೆ ನೆಲಕ್ಕೆ ಸ್ವಲ್ಪ ಇಳಿಜಾರು ಕೊಡಬೇಕು.

ಆದರೆ ಬರೀ ಸಿಮೆಂಟು ಹಾಕಿದರೆ ಜನ ಬರುವುದಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಡುಹಗಲಲ್ಲಿ ಸಿಮೆಂಟು ನೆಲ ಕಾದ ಹೆಂಚು. ಹಾಗಾಗಿ ಕುಳಿತುಕೊಳ್ಳಲು ನೆರಳು, ಕುಡಿಯಲು ಶುದ್ಧ ನೀರು, ಸಂಜೆಗೆ ದೀಪ, ಹೆಂಗಸರಿಗೆ ಬೀಗ ಬೀಳುವ ಬಾಗಿಲಿನ, ನೀರಿರುವ ಶೌಚಾಲಯ ಇವೆಲ್ಲ ಅಂದಾಜುಪಟ್ಟಿಯಲ್ಲೇ ಸೇರಿರಬೇಕು. ಶೌಚಾಲಯವಿಲ್ಲದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲನಾಡಿನಲ್ಲಿ ಅದು ನಿರ್ಜಲೀಕರಣಕ್ಕೂ ಮೂತ್ರನಾಳದ ಸೋಂಕಿಗೂ ದಾರಿ. ಹೆಂಗಸರಿಗೇ ಮೀಸಲಾದ ವೇಳೆಯನ್ನು ಫಲಕದಲ್ಲಿ ಬರೆದು ಹಾಕಬೇಕು. ಇಲ್ಲವಾದರೆ ಅಂಕಣ ಹುಡುಗರ ಪಾಲಾಗುತ್ತದೆ. ಫಜ್ರ್ ನಂತರದ ಬೆಳಗು, ಅಸರ್‌ನಿಂದ ಮಗ್ರಿಬ್‌ವರೆಗಿನ ತಂಪು ವೇಳೆ ಆಟಕ್ಕೆ ಅನುಕೂಲ.

ಆಡುವವರಿಗೂ ಕೆಲವು ಎಚ್ಚರಿಕೆಗಳಿವೆ. ಚಪ್ಪಲಿಯಲ್ಲಿ ಆಡಬೇಡಿ, ಬೂಟು ಧರಿಸಿ. ಮೊದಲು ಐದು ನಿಮಿಷ ಕೈಕಾಲು ಸಡಿಲಿಸಿಕೊಳ್ಳಿ. ತಲೆಯ ಮೇಲೆ ಬಂದ ಚೆಂಡಿಗಾಗಿ ಹಿಮ್ಮುಖವಾಗಿ ಓಡಬೇಡಿ, ಬಿದ್ದು ಮೂಳೆ ಮುರಿಯುವುದು ಹೀಗೆಯೇ. ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯೋ ಖರ್ಜೂರವೋ ಇಟ್ಟುಕೊಳ್ಳಿ, ಆಟದ ನಂತರ ಪಾದಗಳಲ್ಲಿ ಗಾಯ, ಬೊಕ್ಕೆ ಇದೆಯೇ ನೋಡಿಕೊಳ್ಳಿ.

ಹಳ್ಳಿಯಲ್ಲಿ ಗ್ರಾಮಸಭೆಯೇ ಈ ಬೇಡಿಕೆ ಇಡುವ ಜಾಗ, ಪಟ್ಟಣದಲ್ಲಿ ವಾರ್ಡಿನ ಸದಸ್ಯರನ್ನು ಕಾಣಬೇಕು. ಕೇಳುವಾಗ ಅಂಕಣದ ಜೊತೆಗೇ ಶೌಚಾಲಯವನ್ನೂ ಅದನ್ನು ದಿನಾ ತೊಳೆಯುವವರ ಸಂಬಳವನ್ನೂ ಕೇಳಿ. ಆ ಸಭೆಗೆ ಮನೆಯ ಹೆಂಗಸರೂ ಹೋಗಲಿ. ತಮಗೆ ಯಾವ ವೇಳೆ ಬೇಕು, ಏನೇನು ಅನುಕೂಲ ಬೇಕು ಎಂದು ಅವರೇ ಹೇಳಲಿ.