ಒಂದೇ ರೂಪ, ಎರಡು ವ್ಯಾಕರಣ: ಫಿನ್ನಿಶ್ ಮತ್ತು ಎಸ್ಪೆರಾಂತೊಗಳಲ್ಲಿ ‘ಕತೊ’

ಫಿನ್ಲೆಂಡಿನ ಜನರಾಡುವ ಫಿನ್ನಿಶ್ ಭಾಷೆಯಲ್ಲೂ, ಎಲ್. ಎಲ್. ಝಾಮೆನ್‌ಹೋಫ್ 1887ರಲ್ಲಿ ವಾರ್ಸಾದಲ್ಲಿ ಪ್ರಕಟಿಸಿದ ಎಸ್ಪೆರಾಂತೊ ಎಂಬ ರಚಿತ ಭಾಷೆಯಲ್ಲೂ ‘ಕತೊ’ ಎಂಬ ನಾಮಪದವಿದೆ. ರೋಮನ್ ಲಿಪಿಯಲ್ಲಿ ಎರಡರ ಕಾಗುಣಿತವೂ ಒಂದೇ, ಒತ್ತು ಬೀಳುವುದೂ ಮೊದಲ ಅಕ್ಷರದ ಮೇಲೆಯೇ. ಆದರೆ ಫಿನ್ನಿಶ್‌ನಲ್ಲಿ ಅದರ ಅರ್ಥ ಕಣ್ಮರೆ, ನಷ್ಟ, ಬೆಳೆನಾಶ ಎಂದಾದರೆ ಎಸ್ಪೆರಾಂತೊದಲ್ಲಿ ಬೆಕ್ಕು. ಆಕಸ್ಮಿಕವಾಗಿ ಒಂದೇ ರೂಪ ತಳೆದ ಈ ಪದಗಳ ಹುಟ್ಟನ್ನೂ ವಿಭಕ್ತಿರೂಪಗಳನ್ನೂ ಜೊತೆಗಿಟ್ಟು ನೋಡಿದಾಗ, ತಲೆಮಾರುಗಳ ಬಾಯಲ್ಲಿ ಸವೆದು ಬಂದ ವ್ಯಾಕರಣಕ್ಕೂ ಕಲಿಯುವವರ ಅನುಕೂಲಕ್ಕೆಂದೇ ಕಟ್ಟಿದ ವ್ಯಾಕರಣಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಫಿನ್ನಿಶ್, ಸಾಮಿ, ಹಂಗೇರಿಯನ್ ಮೊದಲಾದ ಭಾಷೆಗಳು ಸೇರಿದ ಯುರಾಲಿಕ್ ಕುಟುಂಬದಲ್ಲಿ ‘ಬಿಟ್ಟುಹೋಗು’ ಎಂಬ ಅರ್ಥದ ಪ್ರಾಚೀನ ಧಾತುವೊಂದಿದ್ದು, ಫಿನ್ನಿಶ್‌ನ ‘ಕತೊ’ ಮತ್ತು ಕಾಣೆಯಾಗು ಎಂಬರ್ಥದ ‘ಕದೊತ’ ಎರಡೂ ಅದರಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಉತ್ತರದ ಚಳಿನಾಡಿನಲ್ಲಿ ಈ ಪದಕ್ಕೆ ಹಸಿವಿನ ಅರ್ಥವೂ ಸೇರಿಕೊಂಡಿತು. ಬೆಳೆ ಕೈಕೊಟ್ಟ ವರ್ಷ ‘ಕತೊವುಒಸಿ’ ಎನಿಸಿತು. 1867ರಲ್ಲಿ ವಸಂತ ತಡವಾಗಿ ಬಂದು, ಸೆಪ್ಟೆಂಬರಿನಲ್ಲೇ ಹಿಮ ಕವಿದು ಪೈರು ನಾಶವಾದಾಗ ಜನರು ಪೈನ್ ಮರದ ಒಳತೊಗಟೆಯನ್ನು ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡಿಕೊಂಡರು. 1866–68ರ ಆ ಮಹಾಕ್ಷಾಮದಲ್ಲಿ ಜನಸಂಖ್ಯೆಯ ಸುಮಾರು ಶೇ. 8ರಷ್ಟು ಮಂದಿ ಸತ್ತರು. ಇಂದು ಅದೇ ಪದ ಓಝೋನ್ ಪದರದ ಸವೆತವನ್ನೂ ಜೀವವೈವಿಧ್ಯದ ನಾಶವನ್ನೂ ಹೇಳುವ ಸಮಾಸಪದಗಳಲ್ಲಿ ಬಳಕೆಯಾಗುತ್ತಿದೆ.

ಎಸ್ಪೆರಾಂತೊದ ‘ಕತೊ’ವಿನ ಹಿಂದಿರುವುದು ಉತ್ತರಕಾಲೀನ ಲ್ಯಾಟಿನ್ನಿನ ‘ಕತ್ತುಸ್’. ಬಿಯಾಲಿಸ್ಟಾಕ್‌ನಲ್ಲಿ ಹಲವು ಭಾಷೆಗಳ ನಡುವೆ ಬೆಳೆದ ಝಾಮೆನ್‌ಹೋಫ್ ಆದಷ್ಟು ಹೆಚ್ಚು ಯುರೋಪಿಯನ್ನರಿಗೆ ಪರಿಚಿತವಾದ ಧಾತುಗಳನ್ನು ಆರಿಸಿಕೊಂಡರು. ಇಂಗ್ಲಿಷಿನ ‘ಕ್ಯಾಟ್’, ಜರ್ಮನ್ನಿನ ‘ಕಾತ್ಸೆ’, ಪೋಲಿಶ್ ಮತ್ತು ರಷ್ಯನ್ನಿನ ‘ಕೋತ್’ ಇವೆಲ್ಲಕ್ಕೂ ಹತ್ತಿರವಾದ ‘ಕತ್’ ಎಂಬ ಧಾತುವಿಗೆ ನಾಮಪದವನ್ನು ಸೂಚಿಸುವ ‘ಒ’ ಸೇರಿ ‘ಕತೊ’ ಆಯಿತು. ಫಿನ್ನಿಶ್‌ನಲ್ಲಿ ಕೊನೆಯ ‘ಒ’ ಪ್ರಕೃತಿಯ ಭಾಗವಾಗಿ ಎಲ್ಲ ವಿಭಕ್ತಿಗಳಲ್ಲೂ ಉಳಿದರೆ, ಎಸ್ಪೆರಾಂತೊದಲ್ಲಿ ಅದು ಬೇಕೆಂದಾಗ ತೆಗೆಯಬಹುದಾದ ಪ್ರತ್ಯಯ: ‘ಕತ’ ಎಂದರೆ ಬೆಕ್ಕಿನಂಥ, ‘ಕತಿನೊ’ ಹೆಣ್ಣು ಬೆಕ್ಕು, ‘ಕತಿದೊ’ ಬೆಕ್ಕಿನ ಮರಿ.

ಭೇದ ಆಳವಾಗುವುದು ವಿಭಕ್ತಿಗಳಲ್ಲಿ. ಫಿನ್ನಿಶ್‌ನ ಸುಮಾರು 15 ವಿಭಕ್ತಿಗಳು ಕನ್ನಡದಂತೆಯೇ ಪದದ ಕೊನೆಗೆ ಅಂಟಿಕೊಂಡು ಬರುತ್ತವೆ: ‘ಕದೊನ್’ ಎಂದರೆ ನಷ್ಟದ, ‘ಕದೊಸ್ಸ’ ನಷ್ಟದಲ್ಲಿ, ‘ಕದೊಸ್ತ’ ನಷ್ಟದಿಂದ, ‘ಕತೋನ್’ ನಷ್ಟದೊಳಕ್ಕೆ. ಇಲ್ಲಿ ತಕಾರ ದಕಾರವಾಗುವುದು ನಮ್ಮ ಆದೇಶಸಂಧಿಯನ್ನು ನೆನಪಿಸಿದರೂ ಅದರ ಕಾರಣ ಬೇರೆ. ಮುಂದಿನ ಅಕ್ಷರಘಟಕ ವ್ಯಂಜನದಲ್ಲಿ ಮುಗಿದರೆ ಅದರ ಆರಂಭದ ತಕಾರದಂಥ ವ್ಯಂಜನ ಮೃದುವಾಗುತ್ತದೆ. ‘ಕತೋನ್’ ಈ ನಿಯಮಕ್ಕೆ ಹೊರತಾಗಿ ಕಾಣುವುದಕ್ಕೂ ಚರಿತ್ರೆಯೇ ಕಾರಣ. ಅದರ ದೀರ್ಘ ಓಕಾರದ ಜಾಗದಲ್ಲಿ ಹಿಂದೆ ಎರಡು ಸ್ವರಗಳೂ ನಡುವೆ ಒಂದು ಹಕಾರವೂ ಇದ್ದುದರಿಂದ ಆ ಅಕ್ಷರ ಸ್ವರಾಂತವಾಗಿತ್ತು, ಹಕಾರ ಬಿದ್ದುಹೋದ ಮೇಲೂ ತಕಾರ ಹಾಗೆಯೇ ಉಳಿಯಿತು.

ಎಸ್ಪೆರಾಂತೊದಲ್ಲಿ ಇರುವುದು ನಾಲ್ಕೇ ರೂಪ: ‘ಕತೊ’, ಬಹುವಚನದ ‘ಕತೊಯ್’, ಕರ್ಮವಾದಾಗ ‘ಕತೊನ್’ ಮತ್ತು ‘ಕತೊಯ್ನ್’. ಉಳಿದ ಸಂಬಂಧಗಳನ್ನು ಪದದ ಮುಂಚೆ ಬರುವ ಅವ್ಯಯಗಳು ಹೇಳುತ್ತವೆ. ಧಾತು ಎಲ್ಲಿಯೂ ಬದಲಾಗದು, ಅಪವಾದಗಳೂ ಇಲ್ಲ. ಆದ್ದರಿಂದ ಒಂದು ನಾಮಪದವನ್ನು ಕಲಿತವರಿಗೆ ಎಲ್ಲ ನಾಮಪದಗಳ ರೂಪಗಳೂ ಕೈವಶವಾಗುತ್ತವೆ.

‘ಕತೊನ್’ ಎಂಬ ರೂಪ ಫಿನ್ನಿಶ್‌ನಲ್ಲೂ ಉಂಟು, ಆದರೆ ಅಲ್ಲಿ ಅದು ‘ಕತೊ’ವಿಗೆ ಸೇರಿದ್ದಲ್ಲ, ಛಾವಣಿ ಎಂಬರ್ಥದ ‘ಕತ್ತೊ’ ಪದದ ಒತ್ತಕ್ಷರ ಸಡಿಲಗೊಂಡು ಆದ ಷಷ್ಠೀರೂಪವಾದ ಅದು ‘ಛಾವಣಿಯ’ ಎಂದಾಗುತ್ತದೆ. ಎಸ್ಪೆರಾಂತೊದಲ್ಲಿ ಅದೇ ರೂಪ ‘ಬೆಕ್ಕನ್ನು’. ಹೀಗೆ ಪದವೊಂದರ ಗುರುತು ಅದರ ಅಕ್ಷರಗಳಲ್ಲಿ ಇಲ್ಲ, ಅದು ತನ್ನ ಭಾಷೆಯಲ್ಲಿ ಇತರ ರೂಪಗಳೊಡನೆ ಇಟ್ಟುಕೊಂಡ ಸಂಬಂಧದಲ್ಲಿದೆ. ಝಾಮೆನ್‌ಹೋಫ್ ಆ ಸಂಬಂಧವನ್ನು ಎಲ್ಲರಿಗೂ ಸುಲಭವಾಗುವಂತೆ ಸಮಗೊಳಿಸಿದರೆ, ಫಿನ್ನಿಶ್ ತನ್ನ ಕಷ್ಟದ ನಿಯಮಗಳಲ್ಲಿ ಬಿದ್ದುಹೋದ ಹಕಾರದ ಗುರುತನ್ನೂ ಕಾಪಾಡಿಕೊಂಡಿದೆ. ಸರಳತೆ ಮತ್ತು ಚರಿತ್ರೆ ಎರಡೂ ಭಾಷೆಗೆ ಬೇಕಾದ ಗುಣಗಳೇ ಆಗಿರುವುದರಿಂದ ಒಂದನ್ನು ಮೆಚ್ಚಲು ಇನ್ನೊಂದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ.